ಹಂಪ್ ಕುಡಿಯುವ ಪೆಟ್ರೋಲ್

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮನೆಯಿಂದ ಬಸ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ಒಂದು ಹಂಪ್ ಇದೆ. ಬಿಳಿ ಪಟ್ಟೆ ಇಲ್ಲ, ಬೋರ್ಡೂ ಇಲ್ಲ. ಅದರ ನೆತ್ತಿ ತುಂಬ ಉದ್ದುದ್ದ ಗೀರು, ಕಾರುಗಳ ಹೊಟ್ಟೆ ಉಜ್ಜಿ ಆದವು. ಬಸ್ ಬಂತು ಅಂದರೆ ಬ್ರೇಕ್ ಕಿರುಗುಟ್ಟುತ್ತದೆ, ಚಕ್ರ ಹತ್ತಿ ಇಳಿಯುತ್ತದೆ, ಹಿಂದಿನ ಸೀಟಿನವರು ಎಗರಿ ಬೀಳುತ್ತಾರೆ, ಆಮೇಲೆ ಡ್ರೈವರ್ ಸೆಕೆಂಡ್ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದ ತಕ್ಷಣ ಹಿಂದಿನಿಂದ ಹೊಗೆ ಬುಸ್ ಅಂತ ಬರುತ್ತದೆ. ಇವತ್ತಿನ ಮಾತು ಆ ಹೊಗೆಯ ಬಗ್ಗೆ.

ಗಾಡಿ ವೇಗ ಹಿಡಿಯೋದಕ್ಕೆ ಎಣ್ಣೆ ಬೇಕು. ಬ್ರೇಕ್ ಹಾಕಿದರೆ ಆ ವೇಗವೆಲ್ಲ ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಮತ್ತೆ ವೇಗ ಬೇಕಾದರೆ ಮತ್ತೆ ಎಣ್ಣೆ ಸುಡಬೇಕು, ಅಲ್ವಾ? ಒಂದು ಟನ್ ತೂಕದ ಕಾರು 40 ಕಿಲೋಮೀಟರ್ ವೇಗದಿಂದ 10ಕ್ಕೆ ಇಳಿದು ಮತ್ತೆ 40ಕ್ಕೆ ಏರಿದರೆ, ನಾನು ಹಾಕಿದ ಲೆಕ್ಕದಲ್ಲಿ ಸುಮಾರು 8 ಮಿಲಿಲೀಟರ್ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಒಂದೂವರೆ ಟೀ ಚಮಚ. ಅದೇ 16 ಟನ್ ಲಾರಿ ಆದರೆ ಸುಮಾರು 70 ಮಿಲಿಲೀಟರ್ ಡೀಸೆಲ್, ಅಂದರೆ ಒಂದು ಬೈಟು ಕಾಫಿಯಷ್ಟು. ಒಂದು ಹಂಪಿಗೆ, ಒಂದು ಸಲಕ್ಕೆ.

ಸರ್ಕಾರದ ನಿಯಮವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ನಮ್ಮ ದೇಶದಲ್ಲಿ ಕಾರು ಕಂಪನಿಗಳಿಗೆ ಕೆಫೆ ಅಂತ ಒಂದು ನಿಯಮ ಇದೆ. ಕಂಪನಿ ಮಾರುವ ಕಾರುಗಳೆಲ್ಲ ಸೇರಿ ಕಿಲೋಮೀಟರಿಗೆ ಸರಾಸರಿ ಇಷ್ಟೇ ಇಂಗಾಲದ ಡೈ ಆಕ್ಸೈಡ್ ಬಿಡಬೇಕು ಅಂತ. 2017-18ರಲ್ಲಿ ಅದು 130 ಗ್ರಾಂ ಇತ್ತು, 2022-23ರಿಂದ 113 ಆಯಿತು. ಪೆಟ್ರೋಲ್ ಲೆಕ್ಕಕ್ಕೆ ತಂದರೆ ಲೀಟರಿಗೆ ಸುಮಾರು 18 ಇದ್ದ ಮೈಲೇಜ್ 20 ದಾಟಬೇಕು. ಇದಕ್ಕಾಗಿ ಎಂಜಿನಿಯರುಗಳು ಎಷ್ಟು ತಲೆ ಕೆಡಿಸಿಕೊಂಡಿರುತ್ತಾರೆ! ಆದರೆ ಆ ಪರೀಕ್ಷೆ ನಡೆಯೋದು ಲ್ಯಾಬಿನಲ್ಲಿ, ಉರುಳೆಗಳ ಮೇಲೆ. ಅಲ್ಲಿ ಹಂಪ್ ಇಲ್ಲ. 20 ಕಿಲೋಮೀಟರ್ ದಾರಿಯಲ್ಲಿ ಇಂಥ 20 ಹಂಪ್ ಇದ್ದರೆ 160 ಮಿಲಿಲೀಟರ್ ಹೋಯಿತು, 20ರ ಮೈಲೇಜ್ 17ಕ್ಕೆ ಬಂತು. ಅಷ್ಟು ವರ್ಷದ ಕೆಲಸವನ್ನು ಒಂದು ರಸ್ತೆ ನುಂಗಿಹಾಕಿತು. ನನಗೆ ನಿಜವಾಗಿಯೂ ಹೊಟ್ಟೆ ಉರಿಯೋದು ಇಲ್ಲೇ.

ಹಾಗಂತ ಹಂಪೇ ಬೇಡ ಅಂತ ನಾನು ಹೇಳೋದಿಲ್ಲ. ಶಾಲೆ ಮುಂದೆ ಬೇಕೇ ಬೇಕು. ಎಷ್ಟೋ ಹಂಪ್‌ಗಳ ಹಿಂದೆ ಒಂದು ಅಪಘಾತದ ಕಥೆ ಇರುತ್ತದೆ, ಒಂದು ಮಗು ಹೋದ ಮೇಲೆ ಊರವರು ರಾತ್ರೋರಾತ್ರಿ ಹಾಕಿಸಿದ್ದು ಇರುತ್ತದೆ. ಅವರ ಮೇಲೆ ಸಿಟ್ಟಾಗೋದಕ್ಕೆ ಆಗುತ್ತದಾ? ಆದರೆ ಹಂಪಿಗೂ ಒಂದು ಅಳತೆ ಇದೆ. ರಸ್ತೆಗಳ ಅಳತೆ ಗೊತ್ತುಮಾಡುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವುದು ಗಾಡಿ ಹೋಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, ದುಂಡಗಿನ ಬೆನ್ನು. ಅದನ್ನು 25ರ ವೇಗದಲ್ಲಿ ಆರಾಮಾಗಿ ದಾಟಬಹುದು. 10ಕ್ಕೆ ಇಳಿಯಬೇಕಾಗಿಲ್ಲ. ಮಗುವೂ ಉಳಿಯುತ್ತದೆ, 8 ಮಿಲಿಲೀಟರ್ ಹೋಗುವ ಕಡೆ 5 ಹೋಗುತ್ತದೆ.

ಸಿಗ್ನಲ್‌ಗಳದ್ದೂ ಇದೇ ಕಥೆ. ಮಧ್ಯಾಹ್ನ ಎರಡು ಗಂಟೆಗೆ ಅಡ್ಡರಸ್ತೆಯಲ್ಲಿ ಒಂದು ಸೈಕಲ್ ಕೂಡ ಇರೋದಿಲ್ಲ, ನಾವು ಕೆಂಪು ದೀಪ ನೋಡಿಕೊಂಡು ಸುಮ್ನೆ ನಿಂತಿರುತ್ತೇವೆ. ಮೈಸೂರಿನ ಹಳೆಯ ಸರ್ಕಲ್‌ಗಳನ್ನು ನೆನಪಿಸಿಕೊಳ್ಳಿ. ಗಾಡಿ ಕಡಿಮೆ ಇರುವ ಹೊತ್ತಿನಲ್ಲಿ ವೇಗ ತಗ್ಗಿಸಿ, ಸುತ್ತು ಹಾಕಿ ಹೊರಟರಾಯಿತು, ಪೂರ್ತಿ ನಿಲ್ಲೋ ಅಗತ್ಯವೇ ಬೀಳೋದಿಲ್ಲ. ಟೋಲ್ ಗೇಟಿನಲ್ಲಿ 2021ರ ಫೆಬ್ರವರಿಯಿಂದ ಫಾಸ್ಟ್ಯಾಗ್ ಕಡ್ಡಾಯ ಆಯಿತಲ್ಲ, ಅದರಿಂದಲೂ ಲಾರಿಗಳು ಸಾಲಿನಲ್ಲಿ ಇಂಚಿಂಚೇ ತೆವಳೋದು ಕಡಿಮೆ ಆಯಿತು.

ಮತ್ತೆ ನಮ್ಮ ಹಂಪಿಗೆ ಬರ್ತೀನಿ. ಹೋದ ತಿಂಗಳು ಪಕ್ಕದ ಮನೆ ಹುಡುಗನನ್ನು ಕರೆದುಕೊಂಡು ಟೇಪ್ ಹಿಡಿದು ಅಳೆದೆ. ಅಗಲ ಒಂದೂಕಾಲು ಮೀಟರ್, ಎತ್ತರ 17 ಸೆಂಟಿಮೀಟರ್. ಹಂಪ್ ಅಲ್ಲ ಅದು, ಜಗಲಿ! ಫೋಟೋ ತೆಗೆದು, ಅಳತೆ ಬರೆದು, ಬೀದಿಯವರೆಲ್ಲ ಸಹಿ ಹಾಕಿ ಅರ್ಜಿ ಕೊಟ್ಟಿದ್ದೇವೆ. ಸದ್ಯಕ್ಕೆ ಬಿಳಿ ಬಣ್ಣ ಬಳಿಸ್ತೀವಿ ಅಂದಿದ್ದಾರೆ. ಬಳಿಯಲಿ. 3.7 ಮೀಟರ್ ಆಗುವ ತನಕ ನಾವು ಹೋಗಿ ಕೇಳ್ತಾನೇ ಇರ್ತೀವಿ.

ನಮಸ್ಕಾರ.