ಕಿತ್ತೊಯ್ಯುವ ಹಣ ಮೊದಲು, ಸೋಲಾರ್ ಆಮೇಲೆ

ನಮಸ್ಕಾರ ವೀಕ್ಷಕರೇ. ಕೃಷಿ ಜಮೀನಿನಲ್ಲಿ ಬ್ಯಾಟರಿ ಸಹಿತ ಸೌರ ವಿದ್ಯುತ್ ಘಟಕ ಹಾಕುವ ಪ್ರಸ್ತಾವಗಳ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಮಾತನಾಡುತ್ತಾ, ಆಯಸ್ಸು ಮುಗಿದ ಮೇಲೆ ಅದನ್ನು ಕೀಳುವವರು ಯಾರು ಎಂದು ಕೇಳಿದ್ದೆ. ಅದರ ಕೆಳಗೆ ಮಹನೀಯರೊಬ್ಬರು, "ಮೂವತ್ತು ವರ್ಷದ ನಂತರದ ಚಿಂತೆ ಈಗೇಕೆ ಸ್ವಾಮಿ? ಆಗ ನೀವೂ ಇರುವುದಿಲ್ಲ, ನಾನೂ ಇರುವುದಿಲ್ಲ" ಎಂದು ಬರೆದು, ಪಕ್ಕದಲ್ಲಿ ನಗುಮುಖವೊಂದನ್ನು ಅಂಟಿಸಿದ್ದಾರೆ. ನಾವಿಬ್ಬರೂ ಇರುವುದಿಲ್ಲ ಎಂಬ ಮಾತಿಗೆ ನನ್ನ ತಕರಾರಿಲ್ಲ. ಆದರೆ ಜಮೀನು ಇರುತ್ತದೆ, ಅದರೊಳಗೆ ಹೂತ ಸಾವಿರಾರು ಉಕ್ಕಿನ ಕಂಬಗಳೂ ಇರುತ್ತವೆ; ಅವುಗಳನ್ನು ಕೀಳಬೇಕಾದ ಕಂಪನಿ ಇರುತ್ತದೆಯೇ ಎಂಬುದಷ್ಟೇ ನನ್ನ ಪ್ರಶ್ನೆ.

ನಾನು ಸೌರಶಕ್ತಿಯ ವಿರೋಧಿ ಎಂದು ತೀರ್ಮಾನಿಸಿ ಬೆರಳು ಮಸೆಯುತ್ತಿರುವವರು ಸ್ವಲ್ಪ ತಾಳಬೇಕು. ಮಧ್ಯಾಹ್ನ ಬೇಕಾದ್ದಕ್ಕಿಂತ ಹೆಚ್ಚು ಹುಟ್ಟುವ ವಿದ್ಯುತ್ತನ್ನು ಹಿಡಿದಿಟ್ಟು, ಸಂಜೆ ಎಲ್ಲ ಮನೆಗಳಲ್ಲೂ ದೀಪ ಹೊತ್ತುವ ಹೊತ್ತಿಗೆ ಗ್ರಿಡ್‌ಗೆ ಬಿಡುವ ಬ್ಯಾಟರಿ ಒಂದು ಅಗತ್ಯ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ದಕ್ಷಿಣ ಆಸ್ಟ್ರೇಲಿಯಾದ ಹಾರ್ನ್ಸ್‌ಡೇಲ್‌ನಲ್ಲಿ 2017ರಲ್ಲಿ 100 ಮೆಗಾವಾಟ್‌ನ ಬ್ಯಾಟರಿ ಘಟಕ ಆರಂಭವಾದಾಗ ನಕ್ಕವರು ಈಗ ಅದೇ ವಿಷಯದ ಮೇಲೆ ಉಪನ್ಯಾಸ ಕೊಡುತ್ತಿದ್ದಾರೆ. ಆದ್ದರಿಂದ ನನ್ನ ಬೇಡಿಕೆ ಒಂದೇ ಒಂದು. ಘಟಕದ ಆಯಸ್ಸು ಮುಗಿದ ಮೇಲೆ ಅದನ್ನು ಕಿತ್ತು, ಸಾಗಿಸಿ, ನೆಲವನ್ನು ಮತ್ತೆ ಉಳುಮೆಗೆ ಬರುವಂತೆ ಮಾಡಲು ತಗಲುವ ಹಣವನ್ನು, ಮೊದಲ ಕಂಬ ನೆಡುವ ಮುನ್ನವೇ, ಕಂಪನಿಯ ಕೈಗೆ ಎಟುಕದ ಖಾತೆಯಲ್ಲಿ ಇಡಬೇಕು.

ಕೀಳುವುದೆಂದರೆ ಏನೆಂದು ಲೆಕ್ಕ ಹಾಕೋಣ. 100 ಮೆಗಾವಾಟ್‌ನ ಒಂದು ಘಟಕವನ್ನು ತೆಗೆದುಕೊಳ್ಳಿ. ಮೆಗಾವಾಟ್ ಒಂದಕ್ಕೆ ಸುಮಾರು 4ರಿಂದ 7 ಎಕರೆ ಬೇಕಾಗುವುದರಿಂದ ಇದು 400ರಿಂದ 700 ಎಕರೆಯನ್ನು ಆವರಿಸುತ್ತದೆ. ಒಂದೊಂದು ಪ್ಯಾನೆಲ್ 500 ವಾಟ್‌ನದು ಎಂದಿಟ್ಟುಕೊಂಡರೆ ಎರಡು ಲಕ್ಷ ಪ್ಯಾನೆಲ್‌ಗಳಾಗುತ್ತವೆ. ತಲಾ 25 ಕಿಲೋ ಹಿಡಿದರೂ 5,000 ಟನ್, ಅದರಲ್ಲಿ ಬಹುಪಾಲು ಗಾಜು. ಅವುಗಳನ್ನು ಹೊತ್ತು ನಿಂತ ಉಕ್ಕಿನ ಕಂಬಗಳು ಐದಾರು ಅಡಿ, ಮಣ್ಣು ಸಡಿಲವಿದ್ದ ಕಡೆ ಇನ್ನೂ ಆಳಕ್ಕೆ ಇಳಿದಿರುತ್ತವೆ. ಸಾಲುಗಳ ಉದ್ದಕ್ಕೂ ತೋಡಿದ ಕಾಲುವೆಗಳಲ್ಲಿ ಕೇಬಲ್‌ಗಳು ಮಲಗಿರುತ್ತವೆ, ಅವುಗಳ ಮೇಲೆ ಎಚ್ಚರಿಕೆಯ ಪ್ಲಾಸ್ಟಿಕ್ ಪಟ್ಟಿ, ಪಟ್ಟಿಯ ಮೇಲೆ ಮಣ್ಣು. ನಾಲ್ಕು ಗಂಟೆಗಳ ಸಂಗ್ರಹ ಬೇಕೆಂದರೆ 400 ಮೆಗಾವಾಟ್ ಅವರ್‌ನಷ್ಟು ಬ್ಯಾಟರಿ, ಅಂದರೆ ಕಾಂಕ್ರೀಟ್ ಕಟ್ಟೆಗಳ ಮೇಲೆ ಕೂತ ನೂರರಷ್ಟು ಕಂಟೇನರ್‌ಗಳು. ಒಂದೊಂದರ ತೂಕ 30 ಟನ್‌ಗೂ ಮೇಲೆ. ಪ್ಯಾನೆಲ್‌ಗಳು 25ರಿಂದ 30 ವರ್ಷ ಬಾಳುತ್ತವೆ, ಬ್ಯಾಟರಿಗಳು ಅದರ ಅರ್ಧದ ಆಸುಪಾಸಿನಲ್ಲೇ ಸೊರಗುತ್ತವೆ. ಹಾಗಾಗಿ ಒಂದೇ ಗುತ್ತಿಗೆ ಅವಧಿಯಲ್ಲಿ ಎರಡು ತಲೆಮಾರಿನ ಬ್ಯಾಟರಿಗಳು ಆ ನೆಲದಿಂದ ಹೊರಹೋಗಬೇಕು. ಇಷ್ಟನ್ನೂ "ಆಮೇಲೆ ನೋಡಿಕೊಳ್ಳೋಣ" ಎಂಬ ಎರಡು ಪದಗಳಲ್ಲಿ ಮುಗಿಸುವ ಧೈರ್ಯ ನನಗಿಲ್ಲ.

ಇನ್ನು ಗುತ್ತಿಗೆ ಪತ್ರ. ಬಾಡಿಗೆಯ ಮೊತ್ತ ಮೊದಲ ಪುಟಗಳಲ್ಲೇ, ಓದುವವರ ಕಣ್ಣಿಗೆ ಬೀಳುವಂತೆ ಇರುತ್ತದೆ. ಅದರ ನಂತರ ಕಂಪನಿಯ ಹಕ್ಕುಗಳು ಬರುತ್ತವೆ. ಗ್ರಿಡ್‌ಗೆ ಜೋಡಿಸುವ ಅನುಮತಿ ಸಿಗುವವರೆಗೆ ವರ್ಷಗಟ್ಟಲೆ ಜಮೀನನ್ನು ಕಾದಿರಿಸಿಕೊಳ್ಳುವ ಹಕ್ಕು, ದಾರಿ ಮಾಡಿಕೊಳ್ಳುವ ಹಕ್ಕು, ಗುತ್ತಿಗೆಯನ್ನು ಬ್ಯಾಂಕಿಗೆ ಅಡವಿಡುವ ಹಕ್ಕು, ಮಾಲೀಕರನ್ನು ಕೇಳದೆಯೇ ಬೇರೊಬ್ಬರಿಗೆ ವರ್ಗಾಯಿಸುವ ಹಕ್ಕು. ತೆರವಿನ ಷರತ್ತು ಎಲ್ಲೋ ಹಿಂದಿನ ಪುಟದಲ್ಲಿ, ವಿವಾದಗಳ ಇತ್ಯರ್ಥಕ್ಕೂ ಅಂಚೆ ವಿಳಾಸಕ್ಕೂ ನಡುವೆ ಮುದುಡಿಕೊಂಡು ಕೂತಿರುತ್ತದೆ: ಅವಧಿ ಮುಗಿದ ನಂತರ ಗುತ್ತಿಗೆದಾರರು ಸೂಕ್ತ ಕಾಲಾವಧಿಯೊಳಗೆ ಉಪಕರಣಗಳನ್ನು ತೆರವುಗೊಳಿಸಿ, ಸಾಧ್ಯವಾದ ಮಟ್ಟಿಗೆ ಜಮೀನನ್ನು ಪೂರ್ವಸ್ಥಿತಿಗೆ ತರತಕ್ಕದ್ದು. ಎಷ್ಟು ಅಡಿ ಆಳದವರೆಗೆ ಕೀಳಬೇಕು, ಎಷ್ಟು ತಿಂಗಳೊಳಗೆ, ಕೀಳದಿದ್ದರೆ ಯಾರ ಹಣದಿಂದ ಕೀಳಿಸಬೇಕು ಎಂಬ ಒಂದಕ್ಕೂ ಅಲ್ಲಿ ಉತ್ತರವಿಲ್ಲ. ಬಾಡಿಗೆಯನ್ನು ಪೈಸೆಯವರೆಗೆ ಬರೆಯಲು ಬಂದ ಕೈಗೆ, ತೆರವಿನ ವಿಷಯ ಬಂದ ಕೂಡಲೇ ಅಂಕಿಗಳೇ ಮರೆತುಹೋಗುತ್ತವೆ.

ಸಹಿ ಹಾಕುವ ಕಂಪನಿ ಯಾವುದೆಂದು ನೋಡಿ. ಜಾಹೀರಾತಿನಲ್ಲಿ ಕಾಣುವ ದೊಡ್ಡ ಹೆಸರು ಪತ್ರದಲ್ಲಿ ಇರುವುದು ಅಪರೂಪ. ಇಂಥ ಯೋಜನೆಗಳನ್ನು ಸಾಮಾನ್ಯವಾಗಿ ಆ ಒಂದು ಯೋಜನೆಗಾಗಿಯೇ ಹುಟ್ಟುಹಾಕಿದ ಪುಟ್ಟ ಕಂಪನಿಯ ಹೆಸರಿನಲ್ಲಿ ನಡೆಸುತ್ತಾರೆ. ಘಟಕ ನಷ್ಟಕ್ಕೆ ಬಿದ್ದರೆ ಸಾಲ ಕೊಟ್ಟವರು ಆ ಪುಟ್ಟ ಕಂಪನಿಯ ಆಸ್ತಿಯನ್ನು ಮಾತ್ರ ಮುಟ್ಟಬೇಕು, ಮೇಲಿನ ದೊಡ್ಡ ಕಂಪನಿಯನ್ನು ಮುಟ್ಟಬಾರದು ಎಂಬುದೇ ಈ ಏರ್ಪಾಡಿನ ಮರ್ಮ. ಇದು ಕಾನೂನುಬದ್ಧ, ಎಲ್ಲ ಕಡೆಯೂ ಇದೆ, ನಾನು ಯಾರನ್ನೂ ಕಳ್ಳರೆನ್ನುತ್ತಿಲ್ಲ. ಘಟಕ ಕಟ್ಟುವವರು ಒಬ್ಬರು, ಕಟ್ಟಿದ ಮೇಲೆ ಕೊಳ್ಳುವವರು ಇನ್ನೊಬ್ಬರು, ಮಾಸಿದ ಮೇಲೆ ಅಗ್ಗಕ್ಕೆ ಕೊಳ್ಳುವವರು ಮತ್ತೊಬ್ಬರು. ಮೂವತ್ತನೇ ವರ್ಷದಲ್ಲಿ ಜಮೀನಿನ ಒಡೆಯರ ಮಕ್ಕಳು ಬಾಗಿಲು ತಟ್ಟಿದಾಗ ಒಳಗಿನಿಂದ ಯಾರು ಬರುತ್ತಾರೆ? ಅದಕ್ಕೇ ಹೇಳುತ್ತಿದ್ದೇನೆ, ಕೀಳುವ ಹಣ ಮೊದಲು ಬರಲಿ.

ಇದೆಲ್ಲ ಕಲ್ಪನೆಯ ಭೂತ ಎನ್ನುವವರು ಅಮೆರಿಕದ ಅನಾಥ ತೈಲಬಾವಿಗಳ ಕಥೆಯನ್ನು ಓದಿಕೊಳ್ಳಬೇಕು. ತೈಲ ಸಿಗುವವರೆಗೆ ಬಾವಿಗಳಿಗೆ ಒಡೆಯರಿದ್ದರು. ಬತ್ತಿದ ಮೇಲೆ ಅನೇಕ ಕಂಪನಿಗಳು ದಿವಾಳಿಯೆದ್ದವು, ಬಾವಿಗಳು ಹಾಗೆಯೇ ಬಾಯ್ತೆರೆದು ಉಳಿದವು. ಅವರೂ ಠೇವಣಿ ಇಟ್ಟಿದ್ದರು, ಆದರೆ ಆ ಮೊತ್ತ ಬಾವಿ ಮುಚ್ಚುವ ನಿಜವಾದ ಖರ್ಚಿನ ಹತ್ತಿರಕ್ಕೂ ಬರುತ್ತಿರಲಿಲ್ಲ. ಕೊನೆಗೆ 2021ರ ಮೂಲಸೌಕರ್ಯ ಕಾನೂನಿನಲ್ಲಿ 470 ಕೋಟಿ ಡಾಲರ್ ಸರ್ಕಾರಿ ಹಣವನ್ನು ಅವುಗಳಿಗಾಗಿ ಎತ್ತಿಡಬೇಕಾಯಿತು. ಲಾಭ ಉಂಡವರು ಕೈ ತೊಳೆದುಕೊಂಡು ಹೋದರು, ಎಂಜಲೆಲೆ ಎತ್ತಿದ್ದು ತೆರಿಗೆದಾರರು. ಸೌರ ಘಟಕಗಳ ವಿಷಯದಲ್ಲಿ ನಮಗಿರುವ ಅನುಕೂಲವೇನೆಂದರೆ, ಹೆಚ್ಚಿನವು ಇನ್ನೂ ಚಿಕ್ಕ ಪ್ರಾಯದವು. ಪಾವಗಡದ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಸುಮಾರು 13,000 ಎಕರೆಯಲ್ಲಿ ಹರಡಿದೆ, ಅದೂ ಕೊಂಡ ಜಮೀನಲ್ಲ, ರೈತರಿಂದ ದೀರ್ಘಾವಧಿಗೆ ಗುತ್ತಿಗೆ ಪಡೆದ ಜಮೀನು; ಪೂರ್ಣಗೊಂಡದ್ದು 2019ರಲ್ಲಿ. ಜಗತ್ತಿನ ಬಹುತೇಕ ದೊಡ್ಡ ಘಟಕಗಳ ವಯಸ್ಸು ಇಷ್ಟೇ. ಬಿಲ್ಲು ಇನ್ನೂ ಬಂದಿಲ್ಲವಷ್ಟೇ, ಊಟವಂತೂ ನಡೆಯುತ್ತಿದೆ.

ಇಲ್ಲಿ ಒಂದು ಕ್ಷಣ ವಿರಾಮ. ಗುತ್ತಿಗೆ ಪತ್ರದ ಮಾದರಿ ಕರಡೊಂದನ್ನು ಮುಂದಿನ ನೇರಪ್ರಸಾರದಲ್ಲಿ ಸಾಲು ಸಾಲಾಗಿ ಓದಲಿದ್ದೇನೆ. ಹಾಡಿಲ್ಲ, ಕುಣಿತವಿಲ್ಲ, ಷರತ್ತುಗಳು ಮಾತ್ರ ಇರುತ್ತವೆ. ಆದರೂ ನೋಡುವವರಿದ್ದೀರಿ ಎಂಬ ಭಂಡ ಧೈರ್ಯ ನನ್ನದು. ಇನ್ನೂ ಸಬ್‌ಸ್ಕ್ರೈಬ್ ಆಗದವರು ಆಗಿಬಿಡಿ. ನಾನು ಅದಕ್ಕೆ ಮುಂಗಡ ಠೇವಣಿ ಕೇಳುವುದಿಲ್ಲ, ಕೇಳುವುದು ಕಂಪನಿಗಳನ್ನು ಮಾತ್ರ.

ಈಗ ಆಕ್ಷೇಪಗಳಿಗೆ ಬರೋಣ. "ಗುಜರಿ ಮಾರಿದರೆ ತೆರವಿನ ಖರ್ಚು ತಾನಾಗಿ ಹುಟ್ಟುತ್ತದೆ" ಎನ್ನುವವರದ್ದು ಮೊದಲ ಗುಂಪು. ಉಕ್ಕಿಗೆ, ತಾಮ್ರಕ್ಕೆ, ಅಲ್ಯೂಮಿನಿಯಂಗೆ ಬೆಲೆಯಿದೆ, ನಿಜ. ಗಾಜು, ಪ್ಲಾಸ್ಟಿಕ್, ಸಿಲಿಕಾನ್ ಒಂದಕ್ಕೊಂದು ಅಂಟಿಕೊಂಡ ಪ್ಯಾನೆಲ್‌ನಿಂದ ಒಳಗಿನ ಚೂರು ಬೆಳ್ಳಿಯನ್ನು ಬಿಡಿಸಿ ತೆಗೆಯುವುದು ದುಬಾರಿ ಕೆಲಸ. ಕೆಟ್ಟುಹೋದ ಲಿಥಿಯಂ ಬ್ಯಾಟರಿಯಂತೂ ಸಾಗಣೆಯ ನಿಯಮಗಳ ಪ್ರಕಾರ ಅಪಾಯಕಾರಿ ಸರಕು. ಗುಜರಿಯಿಂದಲೇ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆ ಅಷ್ಟು ಗಟ್ಟಿಯಾಗಿದ್ದರೆ, ಗುಜರಿ ಮಾರಿದ ಮೇಲೆ ಠೇವಣಿಯನ್ನು ಪೂರ್ತಿ ವಾಪಸ್ ಒಯ್ಯಬಹುದಲ್ಲ? ಮತ್ತೇಕೆ ಈ ಹಿಂಜರಿಕೆ?

ಎರಡನೆಯ ಗುಂಪಿಗೆ ಬೆಂಕಿಯದ್ದೇ ಧ್ಯಾನ. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಬ್ಯಾಟರಿ ಘಟಕ ಹೊತ್ತಿ ಉರಿದದ್ದು, ಸುತ್ತಲಿನ ಸಾವಿರಕ್ಕೂ ಹೆಚ್ಚು ಜನರನ್ನು ಮನೆಯಿಂದ ಎಬ್ಬಿಸಿದ್ದು ಸುಳ್ಳಲ್ಲ. ಆದರೆ ಅಲ್ಲಿ ಬ್ಯಾಟರಿಗಳನ್ನು ಹಳೆಯ ವಿದ್ಯುತ್ ಸ್ಥಾವರದ ಕಟ್ಟಡದೊಳಗೆ ಒತ್ತೊತ್ತಾಗಿ ಜೋಡಿಸಲಾಗಿತ್ತು. ಈಗಿನ ಪದ್ಧತಿಯಲ್ಲಿ ಅವು ಬಯಲಿನಲ್ಲಿ, ಅಂತರ ಬಿಟ್ಟು ನಿಲ್ಲಿಸಿದ ಕಂಟೇನರ್‌ಗಳಲ್ಲಿರುತ್ತವೆ. ಬಿಸಿ ತಡೆಯುವುದರಲ್ಲಿ ವಾಸಿ ಎನಿಸಿದ ಲಿಥಿಯಂ ಐರನ್ ಫಾಸ್ಫೇಟ್ ಕೋಶಗಳೇ ಹೆಚ್ಚು. ಅಂತರ ಎಷ್ಟು, ನೀರು ಎಲ್ಲಿಂದ, ಅಗ್ನಿಶಾಮಕ ದಳಕ್ಕೆ ತರಬೇತಿ ಯಾರು ಕೊಡುತ್ತಾರೆ ಎಂದು ಅವಶ್ಯವಾಗಿ ಕೇಳಿ. ಉರಿದ ಮೇಲೆ ಉಳಿಯುವ, ಇನ್ನೂ ವಿದ್ಯುತ್ ತುಂಬಿಕೊಂಡಿರಬಹುದಾದ, ಮುಟ್ಟಿದರೆ ಮತ್ತೆ ಹೊತ್ತಿಕೊಳ್ಳಬಹುದಾದ ಆ ಅವಶೇಷಗಳನ್ನು ಯಾರ ಹಣದಿಂದ ಎತ್ತಿಸುವುದು ಎಂದೂ ಕೇಳಿ. ನೋಡಿದಿರಾ, ಸುತ್ತಿ ಬಳಸಿ ಮತ್ತೆ ನಾನು ಹೇಳಿದ ಆ ಠೇವಣಿ ಖಾತೆಗೇ ಬಂದು ನಿಂತೆವು.

ಪ್ಯಾನೆಲ್‌ಗಳ ಕೆಳಗೆ ಕುರಿ ಮೇಯಿಸಬಹುದು, ಎತ್ತರಕ್ಕೆ ಏರಿಸಿದರೆ ಅಡಿಯಲ್ಲಿ ಬೆಳೆಯನ್ನೂ ಬೆಳೆಯಬಹುದು ಎನ್ನುವವರು ಮೂರನೆಯವರು. ಜರ್ಮನಿಯ ಹೆಗೆಲ್‌ಬಾಖ್‌ನಲ್ಲಿ ಅದನ್ನು ಮಾಡಿಯೂ ತೋರಿಸಿದ್ದಾರೆ. ಸಂತೋಷ. ಕುರಿಗಳು ಕಂಬ ಕೀಳುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವವರು ನಾಲ್ಕನೆಯವರು: "ಇಷ್ಟೆಲ್ಲ ಷರತ್ತು ಹಾಕಿದರೆ ಯಾರೂ ಘಟಕ ಹಾಕಲು ಬರುವುದಿಲ್ಲ." ಒಂದು ಸಣ್ಣ ಮನೆಯನ್ನು ಬಾಡಿಗೆಗೆ ಕೊಡುವಾಗ, ಗೋಡೆಗೆ ಮೊಳೆ ಹೊಡೆದಾರು ಎಂಬ ಭಯಕ್ಕೆ ಮುಂಗಡ ಪಡೆಯುತ್ತೇವೆ, 500 ಎಕರೆಗೆ ಲೆಕ್ಕವಿಲ್ಲದಷ್ಟು ಉಕ್ಕಿನ ಮೊಳೆ ಹೊಡೆಯುವವರ ಮುಂದೆ ಮಾತ್ರ ನಮಗೆ ಸಂಕೋಚವೇ? ಅಮೆರಿಕದ ಟೆಕ್ಸಾಸ್ ರಾಜ್ಯ 2021ರಲ್ಲೇ ಕಾನೂನು ಮಾಡಿ, ಸೌರ ಘಟಕದ ಅಡಿಪಾಯಗಳನ್ನೂ ಹೂತ ಕೇಬಲ್‌ಗಳನ್ನೂ ಕನಿಷ್ಠ ಮೂರು ಅಡಿ ಆಳದವರೆಗೆ ತೆಗೆಯಬೇಕೆಂದಿತು, ಅದಕ್ಕೆ ಹಣಕಾಸಿನ ಭದ್ರತೆಯನ್ನೂ ಕಡ್ಡಾಯ ಮಾಡಿತು. ಇಲಿನಾಯ್ ರಾಜ್ಯದಲ್ಲಿ ಈ ಭದ್ರತೆಯನ್ನು ವರ್ಷಗಳು ಕಳೆದಂತೆ ಹಂತ ಹಂತವಾಗಿ ತುಂಬಿಸುತ್ತಾರೆ. ಎರಡೂ ಕಡೆ ಘಟಕ ಕಟ್ಟುವುದೇನೂ ನಿಂತಿಲ್ಲ. ನನ್ನ ಮಟ್ಟಿಗೆ ಹಂತ ಹಂತವೂ ಸಾಲದು. ಪೂರ್ತಿ ಹಣ, ಮೊದಲ ದಿನ, ಬ್ಯಾಂಕಿನಲ್ಲಿ. ಐದೈದು ವರ್ಷಕ್ಕೊಮ್ಮೆ ಕಂಪನಿಗೆ ಸಂಬಂಧವಿಲ್ಲದ ಇಂಜಿನಿಯರ್ ಬಂದು ಖರ್ಚನ್ನು ಮತ್ತೆ ಅಂದಾಜು ಮಾಡಲಿ, ಕಡಿಮೆ ಬಿದ್ದರೆ ಕಂಪನಿ ತುಂಬಲಿ.

"ಅಷ್ಟು ಹಣ ಸುಮ್ಮನೆ ಕೊಳೆಯುತ್ತದೆ" ಎಂದು ಕಂಪನಿಯೊಂದರ ಪ್ರತಿನಿಧಿ ನನಗೆ ಮೇಲ್ ಬರೆದಿದ್ದಾರೆ. ಹಣ ಕೊಳೆಯುವುದಿಲ್ಲ ಸ್ವಾಮಿ, ಬಡ್ಡಿ ಹುಟ್ಟಿಸುತ್ತದೆ. ಆ ಬಡ್ಡಿಯೂ ಅದೇ ಖಾತೆಯಲ್ಲಿ ಕೂರಲಿ. ಬ್ಯಾಂಕ್ ಗ್ಯಾರಂಟಿ ಕೊಡುತ್ತೇವೆ ಎಂದರೆ ಅದಕ್ಕೂ ಸಿದ್ಧನಿದ್ದೇನೆ, ವರ್ಷ ವರ್ಷ ನವೀಕರಿಸಲು ಮರೆತರೆ ತಾನಾಗಿ ನಗದಾಗುವಂತೆ ಬರೆದುಕೊಡಿ. ಮಾತಿನ ಗ್ಯಾರಂಟಿ ಬೇಡ. ನಗುವ ರೈತನ ಚಿತ್ರವಿರುವ ಬಣ್ಣದ ಪುಸ್ತಿಕೆ ಬೇಡ. ಮೂಗಿಗೆ ತುಪ್ಪ ಸವರುವ ಸಮುದಾಯ ಭವನ, ಬಸ್ ನಿಲ್ದಾಣದ ಮೇಲೆ ಕಂಪನಿಯ ಫಲಕ, ಅದೂ ಬೇಡ. ಹಣ ತನ್ನಿ!

ಈಗ ನಾಲ್ಕನೆಯ ಗುಂಪಿನವರೇ "ಹಾಗಾದರೆ ಬ್ಯಾಂಕೇ ಮುಳುಗಿದರೆ?" ಎಂದು ಟೈಪ್ ಮಾಡುತ್ತಿರುತ್ತಾರೆ. ಮಾಡಿ, ಆ ನೆಪದಲ್ಲಾದರೂ ಸಂಚಿಕೆ ನಾಲ್ಕು ಜನಕ್ಕೆ ತಲುಪುತ್ತದೆ. ಎರಡು ಬ್ಯಾಂಕಿನಲ್ಲಿ ಇಡಿ, ಅಷ್ಟೆ. ಗುತ್ತಿಗೆ ಪತ್ರ ಕೈಯಲ್ಲಿ ಹಿಡಿದು ಯೋಚಿಸುತ್ತಿರುವವರು ಯಾರಾದರೂ ಕೇಳುತ್ತಿದ್ದರೆ, ತೆರವಿನ ಷರತ್ತಿರುವ ಆ ಒಂದು ಪುಟದ ಚಿತ್ರವನ್ನು, ಹೆಸರು ವಿಳಾಸಗಳನ್ನು ಮುಚ್ಚಿ, ನನಗೆ ಕಳುಹಿಸಿ. ನೇರಪ್ರಸಾರದಲ್ಲಿ ಮೊದಲು ಅದನ್ನೇ ಓದುತ್ತೇನೆ. ಬಾಡಿಗೆಯ ಪುಟ ಕಳುಹಿಸಬೇಡಿ, ಅದನ್ನು ಕಂಪನಿಯವರು ಚೆನ್ನಾಗಿಯೇ ಓದಿ ಹೇಳಿರುತ್ತಾರೆ.