ಮಣ್ಣಿಲ್ಲದ ಗಿಡ, ಉಸಿರಾಡುವ ಬೇರು

ಕೇಳುಗರಿಗೆ ನಮಸ್ಕಾರ. ಮಣ್ಣಿಲ್ಲದೆ ಗಿಡ ಬೆಳೆಸುವ ಹೈಡ್ರೋಪೋನಿಕ್ಸ್ ಬಗ್ಗೆ ಇವತ್ತು ಮಾತಾಡೋಣ. ಹೊಸದಾಗಿ ಶುರು ಮಾಡುವವರು ಮೊದಲು ಕೇಳುವುದು ಯಾವ ಗೊಬ್ಬರ, ಎಷ್ಟು ಗೊಬ್ಬರ ಎಂದು. ನನ್ನನ್ನು ಕೇಳಿದರೆ ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ. ನೀರಿನಲ್ಲಿ ಮುಳುಗಿರುವ ಬೇರು ಉಸಿರಾಡುವುದು ಹೇಗೆ?

ಮಣ್ಣು ಗಿಡಕ್ಕೆ ಏನೇನು ಕೊಡುತ್ತದೆ ನೋಡಿ. ನಿಲ್ಲಲು ಆಸರೆ, ಹೀರಲು ನೀರು, ಆ ನೀರಿನಲ್ಲಿ ಕರಗಿದ ಲವಣಗಳು, ಮಣ್ಣಿನ ಕಣಗಳ ಸಂದಿನಲ್ಲಿ ಸಿಕ್ಕಿಕೊಂಡ ಗಾಳಿ. ಇವು ಬೇರೆ ದಾರಿಯಲ್ಲಿ ಒದಗಿದರೆ ಗಿಡ ಮಣ್ಣೇ ಬೇಕೆಂದು ಹಟ ಹಿಡಿಯುವುದಿಲ್ಲ.

ಇದು ತಿಳಿದದ್ದು ಇತ್ತೀಚೆಗಲ್ಲ. 1699ರಲ್ಲಿ ಇಂಗ್ಲೆಂಡಿನ ಜಾನ್ ವುಡ್‌ವರ್ಡ್ ತಮ್ಮ ಪ್ರಯೋಗವೊಂದನ್ನು ಪ್ರಕಟಿಸಿದರು. ಪುದೀನದ ಗಿಡಗಳನ್ನು ಮಳೆನೀರು, ನದಿಯ ನೀರು, ತೋಟದ ಮಣ್ಣು ಕದಡಿದ ನೀರು ಹೀಗೆ ಬೇರೆ ಬೇರೆ ನೀರಿನಲ್ಲಿ ಬೆಳೆಸಿ ತೂಗಿ ನೋಡಿದ್ದರು. ಶುದ್ಧ ನೀರಿನ ಗಿಡಕ್ಕಿಂತ ಮಣ್ಣು ಕದಡಿದ ನೀರಿನ ಗಿಡ ಹೆಚ್ಚು ತೂಗಿತ್ತು. ಅಂದರೆ ಗಿಡ ಬರೀ ನೀರಿನಿಂದ ಬೆಳೆಯುವುದಿಲ್ಲ, ನೀರಿನಲ್ಲಿ ಕರಗಿದ ಇನ್ನೇನೋ ಅದಕ್ಕೆ ಬೇಕು. ಆ ‘ಇನ್ನೇನೋ’ ಯಾವುದು ಎಂಬುದನ್ನು 1860ರ ಹೊತ್ತಿಗೆ ಜರ್ಮನಿಯ ಜೂಲಿಯಸ್ ಸಾಕ್ಸ್ ಮತ್ತು ವಿಲ್ಹೆಲ್ಮ್ ಕ್ನಾಪ್ ಲವಣಗಳನ್ನು ಅಳೆದು ಬೆರೆಸಿ ತೋರಿಸಿದರು. ಪ್ರಯೋಗಾಲಯದ ಈ ವಿದ್ಯೆಯಿಂದ ಬೆಳೆ ತೆಗೆಯಬಹುದೆಂದು 1930ರ ದಶಕದಲ್ಲಿ ಸಾರಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಲಿಯಂ ಗೆರಿಕೆ. ಆಳೆತ್ತರ ಮೀರಿದ ಅವರ ಟೊಮೆಟೊ ಬಳ್ಳಿಗಳು ಆಗ ದೊಡ್ಡ ಸುದ್ದಿಯಾದವು. ಅದೇ ವಿಶ್ವವಿದ್ಯಾಲಯದ ಹೋಗ್ಲಂಡ್ ಮತ್ತು ಆರ್ನನ್ 1938ರಲ್ಲಿ ಹೊರತಂದ ಕೈಪಿಡಿಯಲ್ಲಿ, ಒಳ್ಳೆಯ ಮಣ್ಣಿಗಿಂತ ಇದರಲ್ಲಿ ಇಳುವರಿ ಅಷ್ಟೇನೂ ಹೆಚ್ಚಿಲ್ಲ ಎಂದು ನೇರವಾಗಿ ಹೇಳಿದರು. ಜೊತೆಗೆ, ಇವತ್ತಿಗೂ ಬಳಕೆಯಲ್ಲಿರುವ ಪೋಷಕ ದ್ರಾವಣದ ಸೂತ್ರವನ್ನೂ ಕೊಟ್ಟರು. ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸುತ್ತದೆ.

ಈಗ ಉಸಿರಿನ ವಿಷಯಕ್ಕೆ ಬರೋಣ. ಲವಣವನ್ನು ಒಳಕ್ಕೆ ಎಳೆದುಕೊಳ್ಳಲು ಬೇರಿಗೆ ಶಕ್ತಿ ಬೇಕು, ಶಕ್ತಿಗೆ ಆಮ್ಲಜನಕ ಬೇಕು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಹೆಚ್ಚೆಂದರೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. 30 ಡಿಗ್ರಿಗೆ ಏರಿದರೆ ಅದು ಏಳೂವರೆಗೆ ಇಳಿಯುತ್ತದೆ. ಸೆಕೆಯಲ್ಲಿ ಬೇರಿನ ಉಸಿರಾಟವೂ ಜೋರಾಗುವುದರಿಂದ ತೊಂದರೆ ಎರಡು ಪಟ್ಟು. ನೀರಿನ ಡಬ್ಬವನ್ನು ಬಿಸಿಲಿಗೆ ಇಡಬೇಡಿ ಎನ್ನುವುದು ಇದಕ್ಕೇ. ಗಿಡವನ್ನು ಮೆಲ್ಲಗೆ ಎತ್ತಿ ಬೇರನ್ನು ನೋಡಿ. ಬೆಳ್ಳಗೆ, ನವಿರಾದ ಕವಲುಗಳೊಡನೆ ಇದ್ದರೆ ಕ್ಷೇಮ. ಕಂದುಬಣ್ಣಕ್ಕೆ ತಿರುಗಿ, ಲೋಳೆಯಾಗಿ, ಕೆಟ್ಟ ವಾಸನೆ ಬರುತ್ತಿದ್ದು, ಎಳೆದರೆ ಮೇಲಿನ ಸಿಪ್ಪೆ ಕಳಚಿಕೊಂಡು ದಾರದಂಥ ನಡುಭಾಗ ಮಾತ್ರ ಕೈಗೆ ಬಂದರೆ ಅದು ಬೇರುಕೊಳೆ. ಮೇಲಿನ ಎಲೆ ಬಾಡಿದ್ದನ್ನು ಕಂಡು ಇನ್ನಷ್ಟು ಗೊಬ್ಬರ ಹಾಕುತ್ತಾ ಹೋದರೆ ಗಿಡ ಇನ್ನೂ ಬೇಗ ಸಾಯುತ್ತದೆ.

ಹೈಡ್ರೋಪೋನಿಕ್ಸ್‌ನ ಬಗೆಬಗೆಯ ಪದ್ಧತಿಗಳೆಲ್ಲ ಬೇರಿಗೆ ಗಾಳಿ ಮುಟ್ಟಿಸುವ ಬೇರೆ ಬೇರೆ ಉಪಾಯಗಳೇ. ತೊಟ್ಟಿಯ ನೀರಿಗೆ ಏರ್ ಪಂಪಿನಿಂದ ಗುಳ್ಳೆ ಬಿಡುವುದು ಒಂದು. ಸ್ವಲ್ಪ ಇಳಿಜಾರಾಗಿಟ್ಟ ಪೈಪಿನಲ್ಲಿ ತೆಳ್ಳನೆಯ ಪದರವಾಗಿ ದ್ರಾವಣ ಹರಿಸುವುದು ಇನ್ನೊಂದು. ಅದರಲ್ಲಿ ಬೇರಿನ ಮೇಲ್ಭಾಗ ಗಾಳಿಯಲ್ಲೇ ಇರುತ್ತದೆ. ನೋಡಲು ಬಹಳ ಚೆಂದ. ಆದರೆ ಕರೆಂಟು ಹೋಗಿ ಪಂಪು ನಿಂತಿತೆಂದರೆ ಬಿಸಿಲಿನ ದಿನ ಕೆಲವೇ ಗಂಟೆಗಳಲ್ಲಿ ಗಿಡ ಬಾಡುತ್ತದೆ. ತೆಂಗಿನ ನಾರಿನ ಪುಡಿಯಲ್ಲೋ ಪರ್ಲೈಟ್ ಎಂಬ ಹಗುರವಾದ ಬಿಳಿ ಕಲ್ಲಿನ ಪುಡಿಯಲ್ಲೋ ಸಸಿ ನೆಟ್ಟು ಹನಿ ಹನಿಯಾಗಿ ದ್ರಾವಣ ಕೊಡುವ ಪದ್ಧತಿ ಹೆಚ್ಚು ಸಹನೆಯದು, ಪುಡಿಯಲ್ಲಿ ಉಳಿದ ತೇವ ಒಂದಿಷ್ಟು ಹೊತ್ತು ಕಾಪಾಡುತ್ತದೆ.

ಇನ್ನು ಆಹಾರ. ಗಿಡಕ್ಕೆ ಅತ್ಯಗತ್ಯವಾದ ಮೂಲವಸ್ತುಗಳು 17. ಇಂಗಾಲ, ಜಲಜನಕ, ಆಮ್ಲಜನಕ ಗಾಳಿ ಮತ್ತು ನೀರಿನಿಂದ ಸಿಗುತ್ತವೆ. ಮಿಕ್ಕ 14ನ್ನು ನಾವೇ ಒದಗಿಸಬೇಕು. ಯೂರಿಯಾ ಹಾಕಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಯೂರಿಯಾವನ್ನು ಅಮೋನಿಯಂ ಆಗಿಯೂ ನೈಟ್ರೇಟ್ ಆಗಿಯೂ ಬದಲಿಸಿಕೊಡುವುದು ಮಣ್ಣಿನ ಸೂಕ್ಷ್ಮಜೀವಿಗಳು. ಶುಭ್ರವಾದ ನೀರಿನಲ್ಲಿ ಆ ಕೆಲಸ ಮಾಡುವವರು ಕಡಿಮೆ. ಅದಕ್ಕೇ ಹೈಡ್ರೋಪೋನಿಕ್ಸ್‌ಗೆಂದೇ ತಯಾರಿಸಿದ ಗೊಬ್ಬರ ಬೇಕು. ಅದು ಸಾಮಾನ್ಯವಾಗಿ ‘ಎ’ ಮತ್ತು ‘ಬಿ’ ಎಂಬ ಎರಡು ಪೊಟ್ಟಣಗಳಲ್ಲಿ ಬರುತ್ತದೆ. ಒಂದರಲ್ಲಿ ಕ್ಯಾಲ್ಸಿಯಂ ನೈಟ್ರೇಟ್, ಇನ್ನೊಂದರಲ್ಲಿ ಸಲ್ಫೇಟ್ ಮತ್ತು ಫಾಸ್ಫೇಟ್ ಲವಣಗಳು. ಎರಡರ ಗಟ್ಟಿ ದ್ರಾವಣಗಳನ್ನು ನೇರವಾಗಿ ಬೆರೆಸಿದಿರೋ, ತಿಳಿಯಾಗಿದ್ದ ನೀರು ಹಾಲಿನಂತೆ ಬಿಳುಪಾಗಿ, ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಹಾಗೆ ಗಸಿಯಾದ ಕ್ಯಾಲ್ಸಿಯಂ ಗಿಡಕ್ಕೆ ದಕ್ಕುವುದಿಲ್ಲ. ತೊಟ್ಟಿ ತುಂಬ ನೀರು ಹಾಕಿ, ಮೊದಲು ಒಂದನ್ನು ಸುರಿದು ಚೆನ್ನಾಗಿ ಕಲಕಿ, ಆಮೇಲೆ ಇನ್ನೊಂದನ್ನು ಸೇರಿಸಿ.

ಮಣ್ಣಿನಲ್ಲಿ ಹುಳಿ ಸ್ವಲ್ಪ ಹೆಚ್ಚಾದರೂ ಲವಣ ಸ್ವಲ್ಪ ಏರಿದರೂ ಮಣ್ಣೇ ತಡೆದುಕೊಳ್ಳುತ್ತದೆ. ನೀರಿಗೆ ಆ ತಾಳ್ಮೆ ಇಲ್ಲ, ಆದ್ದರಿಂದ ಎರಡು ಚಿಕ್ಕ ಮೀಟರುಗಳು ಬೇಕು. ಒಂದು ಪಿಎಚ್, ಅಂದರೆ ದ್ರಾವಣದ ಹುಳಿ ಎಷ್ಟೆಂದು ನೋಡಲು. ಐದೂವರೆಯಿಂದ ಆರೂವರೆಯೊಳಗೆ ಇದ್ದರೆ ಒಳ್ಳೆಯದು. ಏಳು ದಾಟಿದರೆ ದ್ರಾವಣದಲ್ಲಿ ಕಬ್ಬಿಣವಿದ್ದೂ ಗಿಡಕ್ಕೆ ಸಿಗದೆ ಹೋಗಬಹುದು, ಆಗ ಸುಳಿಯ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಇನ್ನೊಂದು ಇಸಿ ಮೀಟರ್, ಕರಗಿದ ಲವಣ ಎಷ್ಟಿದೆಯೆಂದು ಅಂದಾಜು ಕೊಡುವಂಥದ್ದು. ದಿನದಿನಕ್ಕೆ ಇಸಿ ಏರುತ್ತಿದ್ದರೆ ಗಿಡ ಲವಣಕ್ಕಿಂತ ನೀರನ್ನು ಹೆಚ್ಚು ಕುಡಿಯುತ್ತಿದೆ, ಬರೀ ನೀರು ಸೇರಿಸಿ. ಇಳಿಯುತ್ತಿದ್ದರೆ ಅದಕ್ಕೆ ಆಹಾರ ಬೇಕಾಗಿದೆ.

ನೀರಿನ ಉಳಿತಾಯದ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳಿರುತ್ತೀರಿ. ನೆಲಕ್ಕೆ ಇಂಗಿ ಹೋಗುವ ನೀರು ಇಲ್ಲಿ ಮತ್ತೆ ತೊಟ್ಟಿಗೇ ಬರುವುದರಿಂದ ಉಳಿತಾಯ ನಿಜ. ಆದರೆ ಗಿಡ ಎಲೆಯಿಂದ ಹೊರಬಿಡುವ ಆವಿಯನ್ನು ಯಾವ ಪದ್ಧತಿಯೂ ತಪ್ಪಿಸದು.

ಮೊದಲ ಬಾರಿಗೆ ಪ್ರಯತ್ನಿಸುವವರಿಗೆ ಪಂಪು, ಪೈಪು ಯಾವುದೂ ಬೇಡ. ಹವಾಯಿ ವಿಶ್ವವಿದ್ಯಾಲಯದ ಬರ್ನಾರ್ಡ್ ಕ್ರಾಟ್ಕಿ ರೂಪಿಸಿದ ಸರಳ ಪದ್ಧತಿಯೊಂದಿದೆ. ಸುಮಾರು 4 ಲೀಟರಿನ, ಬೆಳಕು ತೂರದ ಡಬ್ಬ ತೆಗೆದುಕೊಳ್ಳಿ. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ. ದ್ರಾವಣ ತುಂಬಿ, ಮುಚ್ಚಳದ ತೂತಿನಲ್ಲಿ ಜಾಲರಿ ಬಟ್ಟಲಿಟ್ಟು ಒಂದು ಲೆಟಿಸ್ ಸಸಿ ಕೂರಿಸಿ. ಬಟ್ಟಲಿನ ತಳ ಮಾತ್ರ ನೀರಿಗೆ ತಾಗಿರಲಿ. ಗಿಡ ಕುಡಿದಂತೆ ನೀರಿನ ಮಟ್ಟ ಇಳಿಯುತ್ತದೆ, ಆ ಖಾಲಿ ಜಾಗದಲ್ಲಿ ತೇವದ ಗಾಳಿ ತುಂಬಿಕೊಳ್ಳುತ್ತದೆ, ಮೇಲಿನ ಬೇರುಗಳು ಅಲ್ಲಿ ಉಸಿರಾಡುತ್ತವೆ. ಡಬ್ಬ ಬರಿದಾಗುತ್ತಿದೆ ಎಂದು ಗಾಬರಿಯಾಗಿ ಮತ್ತೆ ಕಂಠದವರೆಗೆ ತುಂಬಬೇಡಿ, ಗಾಳಿಗೆ ಒಗ್ಗಿದ ಬೇರು ಮುಳುಗಿ ಉಸಿರುಗಟ್ಟುತ್ತದೆ. ತೀರಾ ತಳ ಕಂಡರೆ ಎರಡು ಬೆರಳಿನಷ್ಟು ಮಾತ್ರ ಸೇರಿಸಿ. ನಮಸ್ಕಾರ.