ನನಗೆ ಕೆಲಸ ಕೊಡಿಸಿದ ಒನಕೆ

ಇಗೋ, ಈ ಒನಕೆ ನೋಡಿ. ನಮ್ಮಜ್ಜಿಯದು. ತಟ್ಟೆಯಲ್ಲಿ ಒಂಚೂರು ನೀರು, ಮಧ್ಯದಲ್ಲಿ ಒನಕೆ ನೆಟ್ಟಗೆ ನಿಂತಿದೆ. ಯಾರೂ ಹಿಡಿದುಕೊಂಡಿಲ್ಲ. ಇವತ್ತು ಗ್ರಹಣವೂ ಇಲ್ಲ, ಬರೀ ಮಂಗಳವಾರ.

ನನಗೆ ಕೆಲಸ ಕೊಡಿಸಿದ್ದು ಇದೇ ಅಂದರೆ ಚಿಕ್ಕಪ್ಪ ಈಗಲೂ ನಗುತ್ತಾರೆ.

2019ರ ಡಿಸೆಂಬರ್. ನಾನು ಬಿಎಸ್ಸಿ ಕೊನೇ ವರ್ಷ. 26ನೇ ತಾರೀಖು ಕಂಕಣ ಸೂರ್ಯಗ್ರಹಣ. ಮಂಗಳೂರು, ಕೊಡಗಿನ ಕಡೆ ಬಳೆಯ ಹಾಗೆ ಕಾಣುತ್ತದೆ, ನಮ್ಮ ತುಮಕೂರಿನ ಕಡೆ ಕುಡುಗೋಲಿನ ಹಾಗೆ. ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳಿಗೆ ತೋರಿಸೋಕೆ ಹುಡುಗ ಹುಡುಗಿಯರು ಬೇಕು, ಮೂರು ದಿನ ತರಬೇತಿ ಕೊಡುತ್ತೇವೆ ಅಂತ ಕಾಲೇಜಿಗೆ ಬಂದಿದ್ದರು. ನಾನು ಹೋಗಿದ್ದು ಸರ್ಟಿಫಿಕೇಟ್ ಆಸೆಗೆ. ಸುಳ್ಳು ಯಾಕೆ ಹೇಳಲಿ.

ಮೊದಲ ದಿನ ಬೋರ್ಡ್ ಮೇಲೆ ಮೂರು ಉಂಡೆ ಬರೆದೆ. ದಟ್ಟ ನೆರಳು, ಅರೆ ನೆರಳು, ಕೋನ, ದೂರ, ಎಲ್ಲ ಹೇಳಿದೆ. ತರಬೇತಿ ಕೊಡುತ್ತಿದ್ದ ಮೇಡಂ ಹಿಂದಿನ ಬೆಂಚಲ್ಲಿ ಆರನೇ ಕ್ಲಾಸಿನ ಹುಡುಗಿಯ ಹಾಗೆ ಕೂತಿದ್ದರು. ಕೈ ಎತ್ತಿ ಕೇಳಿದರು: "ಅಕ್ಕಾ, ಗ್ರಹಣದ ಹೊತ್ತಲ್ಲಿ ಉಪ್ಪಿಟ್ಟು ತಿನ್ನಬಹುದಾ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇತ್ತು, ಆದರೆ ಬಾಯಿಗೆ ಬರಲಿಲ್ಲ.

ಆಗ ಅವರು ಒಂದು ಒನಕೆ ತಂದು ಕೈಗೆ ಕೊಟ್ಟರು. ಗ್ರಹಣ ಹಿಡಿದಾಗ ಮಾತ್ರ ಒನಕೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಅಂತ ನಮ್ಮಲ್ಲಿ ಹೇಳುತ್ತಾರೆ, ಅಲ್ವಾ? ಗ್ರಹಣಕ್ಕೆ ಇನ್ನೂ ವಾರ ಇತ್ತು. "ನಿಲ್ಲಿಸು" ಅಂದರು. ಸುಮಾರು ಮುಕ್ಕಾಲು ಗಂಟೆ ಒದ್ದಾಡಿದೆ. ಒಂದು ಸಲ ಕಾಲ ಮೇಲೇ ಬಿತ್ತು. ಗುಟ್ಟು ಇರುವುದು ಬುಡದ ಅಣಸಿನಲ್ಲಿ, ಅಂದರೆ ತುದಿಗೆ ಹಾಕಿದ ಲೋಹದ ಬಳೆಯಲ್ಲಿ. ಅದು ಚಪ್ಪಟೆಯಾಗಿದ್ದರೆ ಸಾಕು. ಎರಡೂ ಕೈಯ ಬೆರಳಲ್ಲಿ ಹಗುರವಾಗಿ ಹಿಡಿದು, ಭಾರ ಯಾವ ಕಡೆ ಒತ್ತುತ್ತಿದೆ ಅಂತ ನೋಡುತ್ತಾ ಇರಬೇಕು. ಯಾವ ಬೆರಳಿಗೂ ಭಾರ ತಾಗಲಿಲ್ಲ ಅನ್ನಿಸಿದ ಕ್ಷಣ ಬಿಟ್ಟುಬಿಡಬೇಕು. ನೀರು ಬರೀ ಶಾಸ್ತ್ರಕ್ಕೆ.

ಮಾರನೇ ದಿನ ಅದೇ ಪಾಠ ಒನಕೆಯಿಂದ ಶುರು ಮಾಡಿದೆ. ಬೋರ್ಡ್ ಮುಟ್ಟಲೇ ಇಲ್ಲ. ಪಾಠಕ್ಕೆ ಹಿಡಿಯುವ ಹೊತ್ತು ಅರ್ಧಕ್ಕೆ ಇಳಿಯಿತು. ಉಪ್ಪಿಟ್ಟಿನ ಪ್ರಶ್ನೆಗೆ ಮೇಡಂ ಒಂದೇ ಸಲಹೆ ಕೊಟ್ಟರು: ಗ್ರಹಣದ ದಿನ ನೀನೇ ಎಲ್ಲರೆದುರು ತಿನ್ನು.

ಗ್ರಹಣದ ದಿನ ಅರ್ಧ ಮಕ್ಕಳು ಶಾಲೆಗೆ ಬರಲೇ ಇಲ್ಲ. ಬಂದವರನ್ನು ಹೊಂಗೆ ಮರದ ಕೆಳಗೆ ಕರೆದುಕೊಂಡು ಹೋದೆವು. ಮೋಡ ಆಗಾಗ ಅಡ್ಡ ಬರುತ್ತಿತ್ತು. ಸರಿದಾಗೆಲ್ಲ ನೆಲದ ತುಂಬ ನೂರಾರು ಪುಟ್ಟ ಕುಡುಗೋಲು. ಎಲೆಗಳ ನಡುವಿನ ಒಂದೊಂದು ಸಂದಿಯೂ ಒಂದೊಂದು ಪಿನ್‌ಹೋಲ್ ಕ್ಯಾಮೆರಾ, ಪ್ರತಿಯೊಂದೂ ಸೂರ್ಯನ ಚಿತ್ರ ಬಿಡಿಸುತ್ತಿತ್ತು. ಪಕ್ಕದ ಮನೆಯ ಅಜ್ಜಿ ಬಾಗಿಲು ಹಾಕಿಕೊಂಡು ಕೂತಿದ್ದರು. ಮಕ್ಕಳ ಗಲಾಟೆ ಕೇಳಿ ಬಾಗಿಲು ತೆರೆದು, "ಸೂರ್ಯನ್ನ ತಾನೇ ನೋಡಬಾರದು, ನೆಲ ನೋಡಿದ್ರೆ ಏನಾಗತ್ತೆ?" ಅಂತ ಹೊರಗೆ ಬಂದರು. ಬಗ್ಗಿ ಸೆರಗು ಹಿಡಿದರು. ಸೆರಗಿನ ಮೇಲೆ ಮೂರು ಸೂರ್ಯ. ನಾನು ಫೋನ್ ತೆಗೆದೆ. ನಲವತ್ತು ಸೆಕೆಂಡಿನ ವಿಡಿಯೋ. ನನ್ನ ಪ್ಲೇಟಲ್ಲಿ ಉಪ್ಪಿಟ್ಟು ಆರಿಹೋಗಿತ್ತು.

ಡಿಗ್ರಿ ಮುಗಿದ ಮೇಲೆ ವಿಜ್ಞಾನದ ವಿಡಿಯೋಗಳಿಗೆ ಕನ್ನಡದಲ್ಲಿ ಸ್ಕ್ರಿಪ್ಟ್ ಬರೆಯುವ ಕೆಲಸಕ್ಕೆ ಅರ್ಜಿ ಹಾಕಿದೆ. ಮೊದಲ ಎರಡು ಕಡೆ, ಪತ್ರಿಕೋದ್ಯಮ ಓದಿಲ್ಲ ಅಂತ ವಾಪಸ್ ಕಳಿಸಿದರು. ಮೂರನೇ ಕಡೆ ಮಾರ್ಕ್ಸ್ ಕಾರ್ಡ್ ಕೇಳಲಿಲ್ಲ, ಮಾಡಿರೋದು ತೋರಿಸಿ ಅಂದರು. ನನ್ನ ಹತ್ತಿರ ಇದ್ದಿದ್ದು ಆ ಸೆರಗಿನ ವಿಡಿಯೋ, ಅಷ್ಟೇ.

ಈಗಲೂ ಪ್ರತಿ ಸ್ಕ್ರಿಪ್ಟ್ ಬರೆಯುವಾಗ ಹಿಂದಿನ ಬೆಂಚಿಂದ ಆ ಕೈ ಏಳುತ್ತದೆ. ಉಪ್ಪಿಟ್ಟಿನ ಪ್ರಶ್ನೆಗೆ ಉತ್ತರ ಸಿಗುವ ತನಕ ಅರೆ ನೆರಳಿನ ಕಥೆ ಯಾರಿಗೂ ಬೇಡ.

ತಕರಾರೂ ಒಂದಿದೆ. ಇಂಥ ವಿಜ್ಞಾನ ಕಾರ್ಯಕ್ರಮಗಳಲ್ಲಿ ಬಹಳ ಸಲ ಬರೀ ಬಸ್ ಚಾರ್ಜ್ ಕೊಟ್ಟು ದಿನವಿಡೀ ದುಡಿಸಿಕೊಳ್ಳುತ್ತಾರೆ. ಮನೆಯಲ್ಲಿ ಅನುಕೂಲ ಇಲ್ಲದವರು ಎಷ್ಟು ದಿನ ಬಂದಾರು? ನಮ್ಮ ತಂಡದಲ್ಲಿ ನನಗಿಂತ ಚೆನ್ನಾಗಿ ಮಾತಾಡುತ್ತಿದ್ದ ಹುಡುಗ ಈಗ ಬ್ಯಾಂಕ್ ಕೌಂಟರ್‌ನಲ್ಲಿದ್ದಾನೆ.

ಹೀಗೆ ವಿಜ್ಞಾನ ಹೇಳೋದನ್ನ ಎಲ್ಲಿ ಕಲಿಯೋದು ಅಂತ ಕಮೆಂಟಲ್ಲಿ ಕೇಳುತ್ತೀರಿ. ಬೆಂಗಳೂರಿನ ಸೈನ್ಸ್ ಗ್ಯಾಲರಿಗೆ ಹೋಗಿ ನೋಡಿ. ವಿಜ್ಞಾನ, ಕಲೆ ಎರಡನ್ನೂ ಬೆರೆಸಿ ಪ್ರದರ್ಶನ ನಡೆಸುವ ಜಾಗ ಅದು. ಈ ಕಲ್ಪನೆ 2008ರಲ್ಲಿ ಐರ್ಲೆಂಡಿನ ಡಬ್ಲಿನ್‌ನಲ್ಲಿ ಶುರುವಾಗಿದ್ದು. ಪ್ರದರ್ಶನದ ಪಕ್ಕ ನಿಂತು ಜನರ ಜೊತೆ ಮಾತಾಡೋಕೆ ಅಲ್ಲಿ ಯುವಕ ಯುವತಿಯರನ್ನೇ ತಯಾರು ಮಾಡುತ್ತಾರೆ, ಮೀಡಿಯೇಟರ್ ಅನ್ನುತ್ತಾರೆ. ನೆಹರೂ ತಾರಾಲಯ, ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ಮಂಗಳೂರಿನ ಪಿಲಿಕುಳದಲ್ಲೂ ವಿಚಾರಿಸಿ.

ಸರಿ, ಒನಕೆಯನ್ನು ಇವತ್ತು ಯಾಕೆ ಹೊರಗೆ ತೆಗೆದೆ ಅಂದರೆ, ಶೂನ್ಯ ನೆರಳಿನ ದಿನ ಹತ್ತಿರ ಬರುತ್ತಿದೆ. ಬೆಂಗಳೂರಲ್ಲಿ ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ, ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಸರಿಯಾಗಿ ಬರುತ್ತಾನೆ. ನೆಟ್ಟಗೆ ನಿಂತ ಯಾವುದಕ್ಕೂ ಪಕ್ಕಕ್ಕೆ ನೆರಳು ಬೀಳಲ್ಲ. ಎಲ್ಲರೂ ಪೈಪ್ ಇಡುತ್ತಾರೆ. ನಾನು ಈ ಸಲ ಟೆರೇಸ್ ಮೇಲೆ ಅಜ್ಜಿಯ ಒನಕೆ ನಿಲ್ಲಿಸುತ್ತೇನೆ. ಗಾಳಿ ಬೀಸದಿದ್ದರೆ ಸಾಕು.